ಇಂಡೆಕ್ಸ್‌ಗೆ ‘ಸ್ಥಾನಾಂಕ’, ಗ್ಯಾದರ್‌ಗೆ ‘ಹೆಕ್ಕು’: ಒಪ್ಪುತ್ತದೆಯೇ?

ಪೈಟಾರ್ಚ್ ಎಂಬ ಯಂತ್ರಕಲಿಕೆ ಲೈಬ್ರರಿಯ ಮಾಡೆಲ್‌ಗಳನ್ನು ಓಎನ್‌ಎನ್‌ಎಕ್ಸ್ ರೂಪಕ್ಕೆ, ಅಂದರೆ ಬೇರೆ ಬೇರೆ ತಂತ್ರಾಂಶಗಳೂ ಓದಬಲ್ಲ ಸಾಮಾನ್ಯ ರೂಪಕ್ಕೆ, ಬದಲಿಸುವ ಕೆಲಸದಲ್ಲಿದ್ದೇನೆ. ಟೆನ್ಸರ್‌ನಿಂದ (ಸಾಲುಸಾಲಾಗಿ ಜೋಡಿಸಿದ ಸಂಖ್ಯೆಗಳ ಪಟ್ಟಿ) ಬೇಕಾದ ಸಂಖ್ಯೆಗಳನ್ನು ಅವುಗಳ ಇಂಡೆಕ್ಸ್, ಅಂದರೆ ಜಾಗದ ಸಂಖ್ಯೆ, ಹೇಳಿ ಪಡೆಯುವ ಇಂಡೆಕ್ಸಿಂಗ್ ಆಪರೇಟರ್ ಬರೆದ ಬಗೆಯನ್ನು ಕನ್ನಡದಲ್ಲಿ ಟಿಪ್ಪಣಿ ಮಾಡಲು ಕೂತರೆ ಕೋಡ್‌ಗಿಂತ ಪದಗಳೇ ಹೆಚ್ಚು ಕಾಡಿದವು.

ಇಂಡೆಕ್ಸ್‌ಗೆ ‘ಸೂಚ್ಯಂಕ’ ಎಂದರೆ ಷೇರುಪೇಟೆ ನೆನಪಾಗುತ್ತದೆ. ‘ಸೂಚಿ’ ಪುಸ್ತಕದ ಕೊನೆಯ ಪುಟಗಳದ್ದು. ‘ಕ್ರಮಾಂಕ’ ಹತ್ತಿರ ಬರುತ್ತದೆ, ಆದರೆ ನಮ್ಮ ಕ್ರಮಾಂಕ ಒಂದರಿಂದ ಶುರು, ಇಲ್ಲಿ ಎಣಿಕೆ ಸೊನ್ನೆಯಿಂದ. ‘2ನೇ ಸಾಲು’ ಎಂದು ಬರೆದರೆ ಓದುವವರು ಎರಡನೆಯದನ್ನು ನೋಡುತ್ತಾರೆ, ಯಂತ್ರ ಮೂರನೆಯದನ್ನು. ಹಾಗಾಗಿ ‘ಸ್ಥಾನಾಂಕ 2’ ಎನ್ನುತ್ತಿದ್ದೇನೆ. ‘ನೇ’ ಹಚ್ಚುವುದನ್ನು ಬಿಟ್ಟೇಬಿಟ್ಟೆ.

ಕೊಟ್ಟ ಸ್ಥಾನಾಂಕಗಳಲ್ಲಿ ಇರುವುದನ್ನು ಆಯ್ದುಕೊಡುವ ಗ್ಯಾದರ್ ಇನ್ನೂ ತೊಡಕಿನದು. ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳೋಣವೆಂದರೆ ಎರಡೂ ಕಡೆ ಅರ್ಥ ಬೇರೆ: ಪೈಟಾರ್ಚ್‌ನ ಗ್ಯಾದರ್‌ಗೆ ಓಎನ್‌ಎನ್‌ಎಕ್ಸ್‌ನಲ್ಲಿ ಸಾಟಿಯಾದದ್ದು ಬಿಡಿಬಿಡಿ ಸಂಖ್ಯೆಗಳನ್ನು ಆಯ್ದುಕೊಡುವ ಗ್ಯಾದರ್‌ಎಲಿಮೆಂಟ್ಸ್. ಓಎನ್‌ಎನ್‌ಎಕ್ಸ್‌ನ ಗ್ಯಾದರ್ ಇಡೀ ಸಾಲುಗಳನ್ನೇ ಎತ್ತಿಕೊಡುತ್ತದೆ, ಪೈಟಾರ್ಚ್‌ನ ಇಂಡೆಕ್ಸ್-ಸೆಲೆಕ್ಟ್‌ನಂತೆ. ‘ಸಂಗ್ರಹಿಸು’ ಅಂದರೆ ಕೂಡಿಡುವ ಭಾವ ಬರುತ್ತದೆ. ‘ಹೆಕ್ಕು’ ನನಗೆ ಇಷ್ಟ. ಆದರೆ ಹೆಕ್ಕಿದ್ದು ಇದ್ದ ಜಾಗದಲ್ಲಿ ಉಳಿಯುವುದಿಲ್ಲವಲ್ಲ! ಇಲ್ಲಿ ಮೂಲ ಹಾಗೇ ಇರುತ್ತದೆ, ಒಂದೇ ಸಾಲನ್ನು ಎರಡು ಸಲ ಕೇಳಿದರೆ ಎರಡು ಸಲ ಸಿಗುತ್ತದೆ.

ಕನ್ನಡವೇ ದಾರಿ ತೋರಿಸಿದ್ದೂ ಉಂಟು. ಮೂರು ಅಡ್ಡಸಾಲಿನ ಮಾತೃಕೆ ‘ಅ’ ಹೀಗಿದೆ ಎನ್ನಿ:

10 11 12 13
20 21 22 23
30 31 32 33

ಅ[[0, 2], [1, 3]] ಎಂದರೆ ಏನು ಬರಬೇಕು? ‘0, 2 ಅಡ್ಡಸಾಲುಗಳ 1, 3 ಕಂಬಸಾಲುಗಳು’ ಎಂದು ಓದಿಕೊಂಡು ಅಡ್ಡಸಾಲಿಗೊಂದು, ಕಂಬಸಾಲಿಗೊಂದು ಎಂದು ಓಎನ್‌ಎನ್‌ಎಕ್ಸ್‌ನ ಎರಡು ಗ್ಯಾದರ್ ಹಾಕಿದೆ. 11, 13, 31, 33 ಬಂದವು. ಪೈಟಾರ್ಚ್ ಕೊಟ್ಟದ್ದು 11, 33 ಮಾತ್ರ. ನನ್ನ ವಾಕ್ಯದಲ್ಲಿ ‘ಕ್ರಮವಾಗಿ’ ಎಂಬ ಒಂದು ಪದ ಬಿಟ್ಟುಹೋಗಿತ್ತು, ಅಷ್ಟೇ. ಅದನ್ನು ಸೇರಿಸಿದರೆ 0ಕ್ಕೆ 1, 2ಕ್ಕೆ 3 ಜೋಡಿಯಾಗುತ್ತವೆ. ಆ ಜೋಡಿಗಳನ್ನು ಓಎನ್‌ಎನ್‌ಎಕ್ಸ್‌ನ ಇನ್ನೊಂದು ಆಪರೇಟರ್ ಗ್ಯಾದರ್‌ಎನ್‌ಡಿಗೆ ಕೊಟ್ಟರೆ ಕೆಲಸ ಮುಗಿಯಿತು.

ಇದಕ್ಕೆ ‘ಜೋಡಿಹೆಕ್ಕು’ ಎಂದಿಟ್ಟಿದ್ದೇನೆ. ಕಿವಿಗೆ ಸ್ವಲ್ಪ ಒರಟೇ. ಮೂಲವನ್ನು ಕದಲಿಸದೆ ಆಯ್ದು ಪಡೆಯುವುದಕ್ಕೆ ನಿಮ್ಮ ಕಡೆ ಬೇರೆ ಕ್ರಿಯಾಪದ ಬಳಕೆಯಲ್ಲಿದೆಯೇ? ‘ಸ್ಥಾನಾಂಕ’ವನ್ನು ಈಗಾಗಲೇ ಇನ್ನಾವುದಕ್ಕಾದರೂ ಬಳಸುತ್ತಿದ್ದರೆ ಅದನ್ನೂ ತಿಳಿಸಿ.