ಮೂವತ್ತು ಬಾರಿ ಜೋರಾಗಿ ಉಸಿರಾಡಿ ಮುಳುಗಬೇಕೆಂಬ ವಿಡಿಯೊ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಈ ಚರ್ಚೆಯನ್ನು ಎಲ್ಲರ ಒಪ್ಪಿಗೆ ಪಡೆದು ಹಂಚಿಕೊಳ್ಳುತ್ತಿದ್ದೇನೆ. ಸಮುದ್ರದಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುವವರು ಬೇರೆ ಮನೆಗಳಲ್ಲಿಯೂ ಇರಬಹುದು.

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಕ್ರೊಯೇಷಿಯಾದ ಒಬ್ಬರು ನೀರಿನಲ್ಲಿ 24 ನಿಮಿಷ ಉಸಿರು ಹಿಡಿದಿದ್ದಾರೆ. ಮುಳುಗುವ ಮೊದಲು ಮೂವತ್ತು ಬಾರಿ ಜೋರಾಗಿ ಉಸಿರಾಡಿದರೆ ಯಾರಿಗಾದರೂ ಉಸಿರಿನ ಶಕ್ತಿ ಇಮ್ಮಡಿಯಾಗುತ್ತದೆಂದು ಇದರಲ್ಲಿ ವಿವರಿಸಿದ್ದಾರೆ. ಭಸ್ತ್ರಿಕಾ ಪ್ರಾಣಾಯಾಮ ಮಾಡಿರೆಂದು ನಾನು ವರ್ಷಗಟ್ಟಲೆ ಹೇಳಿದರೂ ನೀವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪರ್ತ್‌ನಲ್ಲಿರುವ ನಮ್ಮ ಹುಡುಗ ಇದನ್ನು ತಪ್ಪದೆ ನೋಡಲಿ.

ತಮ್ಮ (ಪರ್ತ್): ಧನ್ಯವಾದ ದೊಡ್ಡಪ್ಪ. ಬಂಡೆಯ ಸಂದಿನಲ್ಲಿ ಮೀನು ಕಾಣುವ ಹೊತ್ತಿಗೇ ನನ್ನ ಉಸಿರು ಮುಗಿದಿರುತ್ತದೆ. ಶನಿವಾರ ಪ್ರಯತ್ನಿಸುತ್ತೇನೆ.

ಅಕ್ಕ: ದಯವಿಟ್ಟು ಪ್ರಯತ್ನಿಸಬೇಡ. ದೊಡ್ಡಪ್ಪ, ಇದನ್ನು ಹೇಳಿದವರು ಯಾರು, ಆಧಾರವೇನು ಎಂದು ನೋಡಿದಿರಾ? ಹತ್ತು ಸೆಕೆಂಡು ಉಸಿರು ಹಿಡಿಯಲು ಸಾಧ್ಯವಾದರೆ ಕೊರೊನಾ ಇಲ್ಲವೆಂಬ ಸಂದೇಶವೂ 2020ರಲ್ಲಿ ನಿಮ್ಮಿಂದಲೇ ಬಂದಿತ್ತು. 24 ನಿಮಿಷ 37 ಸೆಕೆಂಡು ಉಸಿರು ಹಿಡಿದವರು ಬುದಿಮಿರ್ ಶೋಬತ್. 2021ರ ಆ ಸಾಧನೆಗೆ ಮುನ್ನ ಅವರು ಶುದ್ಧ ಆಮ್ಲಜನಕವನ್ನು ಸೇವಿಸಿದ್ದರು, ಅದೂ ನಿಯಮಕ್ಕೆ ಅನುಸಾರವಾಗಿ. ಆಮ್ಲಜನಕ ಸೇವಿಸದೆ ಸ್ಟೆಫಾನ್ ಮಿಫ್ಸುದ್ 2009ರಲ್ಲಿ ಹಿಡಿದದ್ದು 11 ನಿಮಿಷ 35 ಸೆಕೆಂಡು. ಈ ವ್ಯತ್ಯಾಸವನ್ನು ವಿಡಿಯೊ ಮುಚ್ಚಿಟ್ಟಿದೆ.

ದೊಡ್ಡಪ್ಪ: ಆ ಹಳೆಯ ಸಂದೇಶವನ್ನು ಎಲ್ಲರೆದುರು ಎತ್ತುವ ಅಗತ್ಯವಿರಲಿಲ್ಲ. ನೀನು ವೈದ್ಯೆಯಾದ ಮಾತ್ರಕ್ಕೆ ಹಿರಿಯರ ಅನುಭವ ಸುಳ್ಳಾಗುವುದಿಲ್ಲ.

ಅತ್ತೆ: ಅಣ್ಣ, ಪ್ರಾಣಾಯಾಮವನ್ನು ಗುರುಮುಖದಿಂದ ಕಲಿತು, ನೆಲದ ಮೇಲೆ ಕುಳಿತು ಮಾಡಬೇಕೆಂದು ನಮ್ಮ ಅಪ್ಪಯ್ಯ ಹೇಳುತ್ತಿದ್ದರು. ಅದನ್ನು ಮೀನು ಕೊಲ್ಲುವುದಕ್ಕೆ ಬಳಸುವುದು ಸರಿಯೆಂದು ನನಗೆ ತೋರುವುದಿಲ್ಲ. ದೂರದ ಊರಿನಲ್ಲಿರುವ ಮಕ್ಕಳಿಗೆ ಮಿತಿ ಹೇಳುವುದು ಹಿರಿಯರಾದ ನಮ್ಮ ಕರ್ತವ್ಯ.

ಹೊನ್ನಾವರದ ಅಣ್ಣ: ಅಂಗಡಿಯಲ್ಲಿ ಮೀನು ಕೊಂಡು ತಿನ್ನುವವರು ಹೊಡೆಯುವವನನ್ನು ಮಾತ್ರ ದೂರುವುದು ನ್ಯಾಯವಲ್ಲ ಅತ್ತೆ. ಬೇಸಿಗೆ ರಜೆಯಲ್ಲಿ ನಾವೆಲ್ಲ ಕೆರೆಯ ತಳದಲ್ಲಿ ಯಾರು ಹೆಚ್ಚು ಹೊತ್ತು ಕೂರುತ್ತಾರೆಂದು ಪಂದ್ಯ ಕಟ್ಟುತ್ತಿದ್ದುದು ನೆನಪಿದೆಯೇ? ಬುಸುಬುಸು ಉಸಿರಾಡಿಯೇ ಮುಳುಗುತ್ತಿದ್ದೆವು, ಯಾರಿಗೂ ಏನೂ ಆಗಲಿಲ್ಲ. ಗೆದ್ದವನು ನಾನೇ ಆದರೂ ಅಕ್ಕ ಎಣಿಕೆ ತಪ್ಪಿಸಿ ತನ್ನ ಗೆಳತಿಯನ್ನು ಗೆಲ್ಲಿಸಿದ್ದಳು.

ಅಕ್ಕ: ಎಣಿಕೆ ತಪ್ಪಿರಲಿಲ್ಲ. ಏನೂ ಆಗದೆ ಉಳಿದದ್ದು ನಮ್ಮ ಅದೃಷ್ಟ, ಅದನ್ನು ವಿಧಾನದ ಗುಣವೆಂದು ಎಣಿಸಬೇಡ. ಉಸಿರಾಡಲೇಬೇಕೆಂಬ ತವಕವನ್ನು ಮುಖ್ಯವಾಗಿ ಹುಟ್ಟಿಸುವುದು ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಕೊರತೆಯಲ್ಲ. ಜೋರಾಗಿ ಉಸಿರಾಡಿದಾಗ ಆ ಅನಿಲ ಹೊರಗೆ ಹೋಗುತ್ತದೆ. ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಮೊದಲೇ ತುಂಬಿರುವುದರಿಂದ ಅದು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಹೀಗೆ ದೇಹ ಕೊಡಬೇಕಾದ ಎಚ್ಚರಿಕೆ ತಡವಾಗಿ, ಅದು ಬರುವ ಮೊದಲೇ ಪ್ರಜ್ಞೆ ತಪ್ಪಬಹುದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟಿರುವುದರಿಂದ ಅಲ್ಲಿ ಹಾಯಾಗಿಯೇ ಅನ್ನಿಸುತ್ತದೆ, ಆದರೆ ಮೇಲೇರುವಾಗ ಶ್ವಾಸಕೋಶದೊಳಗಿನ ಆಮ್ಲಜನಕದ ಒತ್ತಡವೂ ಅರ್ಧಕ್ಕೆ ಕುಸಿಯುತ್ತದೆ. ಮುಳುಗುಗಾರರು ಮೇಲ್ಮೈಯ ಸಮೀಪ ಬಂದಾಗ, ಕೆಲವೊಮ್ಮೆ ಮೇಲೆ ಬಂದು ಉಸಿರೆಳೆದುಕೊಂಡ ಮೇಲೂ, ಮೂರ್ಛೆ ಹೋಗುವುದು ಇದರಿಂದಲೇ.

ತಮ್ಮ (ಪರ್ತ್): ಹಾಗಾದರೆ ಉಸಿರನ್ನು ಬೆಳೆಸಿಕೊಳ್ಳುವ ದಾರಿಯೇ ಇಲ್ಲವೇ? ಬೇಡ ಎನ್ನುವವರು ಹೇಗೆಂಬುದನ್ನೂ ಹೇಳಬೇಕು.

ಅಕ್ಕ: ದಾರಿಯಿದೆ. ನಿನಗೆ ಹೃದಯ ಅಥವಾ ಶ್ವಾಸಕೋಶದ ತೊಂದರೆಯಿಲ್ಲವೆಂದು ಮೊದಲು ತಪಾಸಣೆ ಮಾಡಿಸಿಕೊ. ಉಸಿರು ಹಿಡಿಯುವ ಅಭ್ಯಾಸವನ್ನು ಹಾಸಿಗೆಯ ಮೇಲೆ ಮಲಗಿ ಮಾಡು. ಸ್ನಾನದ ತೊಟ್ಟಿಯಲ್ಲಾಗಲಿ ಕಾರು ಓಡಿಸುವಾಗಲಾಗಲಿ ಬೇಡ. ನಿನ್ನಿಂದ ಸಾಧ್ಯವಾಗುವ ಗರಿಷ್ಠ ಅವಧಿಯ ಅರ್ಧದಷ್ಟು ಹೊತ್ತು ಮಾತ್ರ ಉಸಿರು ಹಿಡಿದು, ನಡುವಿನ ವಿಶ್ರಾಂತಿಯನ್ನು 2 ನಿಮಿಷದಿಂದ ಆರಂಭಿಸಿ ಪ್ರತಿ ಸುತ್ತಿಗೂ 15 ಸೆಕೆಂಡು ಇಳಿಸುತ್ತ ಎಂಟು ಸುತ್ತು ಮಾಡಿದರೆ, ಇಂಗಾಲದ ಡೈಆಕ್ಸೈಡ್‌ನ ಏರಿಕೆಯನ್ನು ಸಹಿಸುವ ಅಭ್ಯಾಸವಾಗುತ್ತದೆ. ನೀರಿನಲ್ಲಿ ಮುಳುಗುವ ಮೊದಲು ಸಹಜವಾಗಿ, ನಿಧಾನವಾಗಿ ಉಸಿರಾಡು. ಸಮಾಧಾನದಿಂದಿರುವ ದೇಹ ಆಮ್ಲಜನಕವನ್ನು ಕಡಿಮೆ ಬಳಸುತ್ತದೆ.

ನಾನು: ಒಬ್ಬನೇ ಮುಳುಗುವುದನ್ನು ಬಿಡು ಎಂಬುದು ನನ್ನ ಮಾತು. ಎಷ್ಟೇ ಅಭ್ಯಾಸ ಮಾಡಿದವರಿಗೂ ಮೂರ್ಛೆ ಬರಬಹುದು, ಆಗ ಉಳಿಸುವುದು ಪಕ್ಕದಲ್ಲಿರುವ ಮನುಷ್ಯ ಮಾತ್ರ. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲಿದ್ದು ನೋಡುತ್ತಿರಬೇಕು, ಮೇಲೆ ಬಂದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯಬಾರದು. ಇಬ್ಬರೂ ತಮ್ಮ ತಮ್ಮ ಮೀನಿನ ಹಿಂದೆ ಹೋದರೆ ಅದನ್ನು ಜೊತೆ ಎನ್ನಲಾಗದು. ಕೆಳಗಿದ್ದ ಸಮಯದ ಎರಡರಷ್ಟಾದರೂ ಮೇಲೆ ವಿಶ್ರಾಂತಿ ಬೇಕು. ಈಟಿ ತಗುಲಿದ ದೊಡ್ಡ ಮೀನು ಎಳೆದಾಡುವಾಗಲೇ ಉಸಿರು ಬೇಗ ಖರ್ಚಾಗುತ್ತದೆ, ಬಿಟ್ಟು ಬರಲು ಮನಸ್ಸೂ ಆಗುವುದಿಲ್ಲ. ಆದ್ದರಿಂದ ಈಟಿಯ ದಾರ ತೇಲುಬುರುಡೆಗೆ ಕಟ್ಟಿರಲಿ. ಮೀನು ಓಡಿದರೆ ಓಡಲಿ, ನೀನು ಮೇಲೆ ಬಾ. ಸೊಂಟದ ತೂಕದ ಪಟ್ಟಿ ಒಂದೇ ಕೈಯಲ್ಲಿ ಬಿಚ್ಚುವಂತಿರಲಿ.

ತಮ್ಮ (ಪರ್ತ್): ನನ್ನ ಜೊತೆಗಾರ ಈ ಶನಿವಾರ ಊರಿನಲ್ಲಿಲ್ಲ. ಹಾಗಿದ್ದರೆ ಮುಂದಿನ ವಾರ ಹೋಗುತ್ತೇನೆ.

ಅತ್ತೆ: ಇಷ್ಟು ಕೇಳಿದ ಮೇಲೆ ನನಗೆ ಸಮಾಧಾನವಾಯಿತು. ಮೀನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ದೊಡ್ಡಪ್ಪ: ವಿಡಿಯೊ ಅಳಿಸಿದ್ದೇನೆ. ಆದರೂ ಕೊರೊನಾ ಕಾಲದ ಮಾತನ್ನು ತೆಗೆದದ್ದು ನನಗೆ ನೋವಾಗಿದೆ.

ಅಕ್ಕ: ಅದಕ್ಕಾಗಿ ಸಂಜೆ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ ದೊಡ್ಡಪ್ಪ. ನಿಮ್ಮ ನಿವೃತ್ತರ ಗುಂಪಿನಲ್ಲಿಯೂ ಇದೇ ವಿಡಿಯೊ ಇದೆ ಎಂದು ಅಮ್ಮ ಹೇಳಿದಳು. ಈಜುಕೊಳದಲ್ಲಿಯೂ ಇದೇ ಅಪಾಯವಿದೆ, ಅವರ ಮೊಮ್ಮಕ್ಕಳು ರಜೆಯಲ್ಲಿ ಅಲ್ಲಿಗೆ ಹೋಗುತ್ತಾರೆ. ಆ ಗುಂಪಿನಲ್ಲಿಯೂ ಅಳಿಸಿ, ಏಕೆಂಬುದನ್ನು ನೀವೇ ಬರೆಯಿರಿ. ಅವರು ನಿಮ್ಮ ಮಾತನ್ನು ಕೇಳುತ್ತಾರೆ.