ಡಿಎನ್‌ಎ ಒಂದೇ ಆಗಿದ್ದರೂ ಆಕರಕೋಶಗಳು ಬೇರೆ ಬೇರೆ ಕೋಶಗಳಾಗುವುದು ಹೇಗೆ?

ಪ್ರಶ್ನೆ

ದೇಹದ ಎಲ್ಲ ಜೀವಕೋಶಗಳಲ್ಲಿಯೂ ಒಂದೇ ಡಿಎನ್‌ಎ ಇದೆ ಎಂದು ಓದಿದ್ದೇನೆ. ಹಾಗಿದ್ದರೆ ಒಂದು ಆಕರಕೋಶವು (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಬಲ್ಲ ಕೋಶ) ನರಕೋಶವಾಗಬೇಕು, ಇನ್ನೊಂದು ಸ್ನಾಯುಕೋಶವಾಗಬೇಕು ಎಂಬುದನ್ನು ನಿರ್ಧರಿಸುವುದು ಯಾವುದು? ಸುತ್ತಲಿನ ಕೋಶಗಳಿಂದ ಬರುವ ಸಂಕೇತಗಳು ಎಂಬ ಉತ್ತರ ಪಠ್ಯಪುಸ್ತಕದಲ್ಲಿದೆ. ಆದರೆ ಭ್ರೂಣದ ಮೊದಲ ಕೋಶಗಳೆಲ್ಲ ಒಂದೇ ಬಗೆಯವಾಗಿರುವಾಗ ಬೇರೆ ಬೇರೆ ಸಂಕೇತಗಳು ಹುಟ್ಟುವುದಾದರೂ ಎಲ್ಲಿಂದ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನುಗಳನ್ನು ರೂಪಿಸುವ ಸುಮಾರು 20,000 ವಂಶವಾಹಿಗಳಿವೆ (ಜೀನ್‌ಗಳು). ಯಾವ ಕೋಶವೂ ಅವೆಲ್ಲವನ್ನೂ ಬಳಸುವುದಿಲ್ಲ. ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಡಿಎನ್‌ಎಗೆ ಅಂಟಿಕೊಳ್ಳುವ ನಿಯಂತ್ರಕ ಪ್ರೋಟೀನುಗಳು ತೀರ್ಮಾನಿಸುತ್ತವೆ. ಇವುಗಳ ಬಲ ಎಷ್ಟೆಂಬುದು 1987ರಲ್ಲಿ ಸ್ಪಷ್ಟವಾಯಿತು: ಮಯೋಡಿ ಎಂಬ ಒಂದೇ ವಂಶವಾಹಿಯನ್ನು ಚಾಲೂ ಮಾಡಿದಾಗ, ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಯ ಸಂಯೋಜಕ ಅಂಗಾಂಶದ ಕೋಶಗಳು ಸ್ನಾಯುಕೋಶಗಳಾಗಿ ಮಾರ್ಪಟ್ಟವು.

ಅಸ್ಥಿಮಜ್ಜೆಯಲ್ಲಿರುವ ರಕ್ತದ ಆಕರಕೋಶಗಳ ವಂಶದಲ್ಲಿ ಇಂತಹ ಎರಡು ಪ್ರೋಟೀನುಗಳು ಪರಸ್ಪರ ಎದುರಾಳಿಗಳು. ಗಾಟಾ-1 ಮೇಲುಗೈ ಪಡೆದರೆ ಕೋಶವು ಕೆಂಪು ರಕ್ತಕೋಶದ ದಾರಿ ಹಿಡಿಯುತ್ತದೆ, ಪಿಯು-1 ಮೇಲುಗೈ ಪಡೆದರೆ ಕೆಲವು ಬಗೆಯ ಬಿಳಿ ರಕ್ತಕೋಶಗಳ ದಾರಿ ಹಿಡಿಯುತ್ತದೆ. ಈ ಪೈಪೋಟಿಯೇ ಆಯ್ಕೆಯನ್ನು ಆರಂಭಿಸುತ್ತದೆಯೋ ಅಥವಾ ಆಗಲೇ ಆದ ಆಯ್ಕೆಯನ್ನು ಗಟ್ಟಿಗೊಳಿಸುತ್ತದೆಯಷ್ಟೆಯೋ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ, ಆದರೆ ಮೊದಲ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಸ್ವಾರಸ್ಯ ಇರುವುದೇ ಅಲ್ಲಿ.

ಇಲಿಯ ಭ್ರೂಣದಲ್ಲಿ ಇದನ್ನು ವಿವರವಾಗಿ ಗಮನಿಸಲಾಗಿದೆ. ಎಂಟು ಕೋಶಗಳು ಹದಿನಾರಾಗುವ ಹೊತ್ತಿಗೆ ಕೆಲವು ಒಳಗೆ ಸೇರುತ್ತವೆ, ಉಳಿದವು ಹೊರಗೆ ಉಳಿಯುತ್ತವೆ. ಹೊರಗಿನ ಕೋಶಕ್ಕೆ ಬೇರೆ ಕೋಶಗಳು ತಾಗದ ಒಂದು ಮುಖವಿರುತ್ತದೆ, ಒಳಗಿನದ್ದಕ್ಕೆ ಎಲ್ಲ ಕಡೆಯೂ ನೆರೆಕೋಶಗಳೇ. ಈ ಭೇದವನ್ನು ಗುರುತಿಸುವ ಹಿಪ್ಪೊ ಎಂಬ ಸಂಕೇತವ್ಯವಸ್ಥೆಯು ಹೊರಗಿನ ಕೋಶಗಳಲ್ಲಿ ತಣ್ಣಗಾಗುವುದರಿಂದ, ಅಲ್ಲಿ ಸಿಡಿಎಕ್ಸ್-2 ಎಂಬ ವಂಶವಾಹಿ ಚುರುಕಾಗಿ, ಆ ಕೋಶಗಳು ಮುಂದೆ ಮಾಸುಚೀಲದ (ಪ್ಲಸೆಂಟಾ) ಭಾಗವಾಗುತ್ತವೆ; ದೇಹವನ್ನು ಕಟ್ಟುವ ಕೋಶಗಳು ಒಳಗಿನ ಗುಂಪಿನಿಂದ ಬರುತ್ತವೆ. ಹೀಗೆ ಇರುವ ಜಾಗವೇ ಮೊದಲ ಸಂಕೇತವಾಗುತ್ತದೆ, ಹೊರಗಿನಿಂದ ಯಾರೂ ಆಜ್ಞೆ ಕೊಡಬೇಕಾಗಿಲ್ಲ.

ಎರಡು ಬಗೆಯ ಕೋಶಗಳಾದ ಮೇಲೆ ಅವು ಒಂದಕ್ಕೊಂದು ಸಂಕೇತ ಕಳಿಸಬಲ್ಲವು, ಅದರಿಂದ ಮೂರನೆಯ ಬಗೆ ಹುಟ್ಟುತ್ತದೆ. ಸಂಕೇತದ ಪ್ರಮಾಣವೂ ಮುಖ್ಯ: ಬೆನ್ನುಹುರಿ ರೂಪುಗೊಳ್ಳುವಾಗ ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು (ಇದು ವಿಡಿಯೊ ಗೇಮಿನ ಪಾತ್ರವೊಂದರ ಹೆಸರು; ಹೆಸರಿಟ್ಟವರ ವಿನೋದಪ್ರಜ್ಞೆ ದೊಡ್ಡದು) ಅದರ ಹೊಟ್ಟೆಯ ಕಡೆಯ ಅಂಚಿನಿಂದ ಹರಡುತ್ತದೆ. ಅದು ಎಷ್ಟು ಪ್ರಮಾಣದಲ್ಲಿ, ಎಷ್ಟು ಹೊತ್ತು ತಲುಪಿತು ಎಂಬುದರ ಮೇಲೆ ಯಾವ ಬಗೆಯ ನರಕೋಶ ಎಂಬುದು ನಿರ್ಧಾರವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಸಂಕೇತವು ಮಾಯವಾಗಿ ವರ್ಷಗಳೇ ಕಳೆದರೂ ಯಕೃತ್ತಿನ ಕೋಶವು ಎರಡಾಗಿ ಒಡೆದಾಗ ಯಕೃತ್ತಿನ ಕೋಶವೇ ಏಕೆ ಹುಟ್ಟುತ್ತದೆ?

ಉತ್ತರ 3

ಕೋಶವು ತನ್ನ ಆಯ್ಕೆಯನ್ನು ನೆನಪಿಟ್ಟುಕೊಳ್ಳುತ್ತದೆ. ಹಲವು ನಿಯಂತ್ರಕ ಪ್ರೋಟೀನುಗಳು ತಮ್ಮದೇ ವಂಶವಾಹಿಯನ್ನು ಮತ್ತೆ ಮತ್ತೆ ಚಾಲನೆಯಲ್ಲಿಡುತ್ತವೆ. ಜೊತೆಗೆ, ಬೇಡವಾದ ವಂಶವಾಹಿಗಳ ಮೇಲೆ ಅವುಗಳನ್ನು ಸುಮ್ಮನಿರಿಸುವ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುರುತುಗಳು ಬೀಳುತ್ತವೆ, ಕೋಶ ಒಡೆಯುವಾಗ ಅವುಗಳ ನಕಲೂ ಆಗುತ್ತದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಬಿಗಿತವೂ ಬದಲಾಗುತ್ತದೆ; ಬಿಗಿಯಾದ ಕಡೆ ವಂಶವಾಹಿಗಳು ಸುಮ್ಮನಿರುತ್ತವೆ.

ಆದರೂ ಇದು ಅಳಿಸಲಾಗದ ಬರಹವಲ್ಲ. 1962ರಲ್ಲಿ ಜಾನ್ ಗರ್ಡನ್ ಅವರು ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನು (ಡಿಎನ್‌ಎ ಇರುವ ಭಾಗ) ಕಪ್ಪೆಯ ಅಂಡದೊಳಗೆ ಇರಿಸಿದಾಗ, ಅಂತಹ ಕೆಲವು ಅಂಡಗಳು ಹೊಸ ಗೊದಮೊಟ್ಟೆಗಳಾಗಿ ಬೆಳೆದವು. 2006ರಲ್ಲಿ ಶಿನ್ಯ ಯಮನಕ ಅವರ ತಂಡವು ಕೇವಲ ನಾಲ್ಕು ವಂಶವಾಹಿಗಳನ್ನು ಸೇರಿಸಿ ಇಲಿಯ ಪ್ರೌಢ ಕೋಶಗಳನ್ನು ಭ್ರೂಣದ ಆಕರಕೋಶಗಳಂಥ ಸ್ಥಿತಿಗೆ ಮರಳಿಸಿತು. ಇಬ್ಬರಿಗೂ 2012ರ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ವಯಸ್ಕರ ದೇಹದೊಳಗೆ ಆಕರಕೋಶಗಳ ವ್ಯಾಪ್ತಿ ಕಿರಿದು. ರಕ್ತದ ಆಕರಕೋಶ ರಕ್ತದ ಕೋಶಗಳನ್ನೇ ಕೊಡುತ್ತದೆ. ಆದ್ದರಿಂದ ಒಂದೇ ಚುಚ್ಚುಮದ್ದಿನಿಂದ ಮೊಣಕಾಲು, ಮಿದುಳು, ಕಣ್ಣು ಎಲ್ಲವೂ ಸರಿಹೋಗುತ್ತವೆ ಎಂಬ ಜಾಹೀರಾತುಗಳನ್ನು ನಂಬದಿರುವುದು ಒಳಿತು.

ಉತ್ತರ 4

ಒಂದು ಚಿಕ್ಕ ತಿದ್ದುಪಡಿ: ಎಲ್ಲ ಕೋಶಗಳಲ್ಲಿಯೂ ಒಂದೇ ಡಿಎನ್‌ಎ ಎಂಬ ಮಾತಿಗೆ ಅಪವಾದಗಳಿವೆ. ನಮ್ಮ ಪ್ರೌಢ ಕೆಂಪು ರಕ್ತಕೋಶದಲ್ಲಿ ಕೋಶಕೇಂದ್ರವೇ ಇರುವುದಿಲ್ಲ. ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳಂತೂ ಬೆಳೆಯುವ ಹಂತದಲ್ಲಿ ತಮ್ಮ ಡಿಎನ್‌ಎಯ ಕೆಲವು ತುಣುಕುಗಳನ್ನು ಕತ್ತರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತವೆ.