ಬ್ಯಾಂಕ್ ಕೌಂಟರಿನಲ್ಲಿ ಕೂಗಾಡುವ ಗ್ರಾಹಕರು: ತಾಳ್ಮೆ ಕೆಡದಂತೆ ಮಾತಾಡೋದು ಹೇಗೆ?

ಕೌಂಟರ್ ಕ್ಲರ್ಕ್:
ತಾಲ್ಲೂಕು ಕೇಂದ್ರದ ಶಾಖೆ, ಸಿಂಗಲ್ ವಿಂಡೋ ಕೌಂಟರ್ (ಎಲ್ಲ ಕೆಲಸಕ್ಕೂ ಒಂದೇ ಕಿಟಕಿ). ತಿಂಗಳ ಮೊದಲ ವಾರ ಪಿಂಚಣಿಯವರ ಸಾಲು. ಅದರ ನಡುವೆ ಕೆವೈಸಿ ಬಾಕಿಯಿಂದ ಖಾತೆ ನಿಂತವರು, ಎಟಿಎಂನಲ್ಲಿ ದುಡ್ಡು ಬರದೆ ಖಾತೆಯಲ್ಲಿ ಕಟ್ ಆದವರು. "ನಮ್ಮ ದುಡ್ಡು ನಮಗೆ ಕೊಡೋಕೆ ನಿಮಗೇನ್ರೀ ಕಷ್ಟ" ಅಂತ ಶುರುವಾಗಿ ಎರಡೇ ನಿಮಿಷಕ್ಕೆ ಕೂಗಾಟ. ನಗುಮುಖ ಇರಲಿ ಅಂತ ತರಬೇತಿಯಲ್ಲಿ ಹೇಳ್ತಾರೆ, ಅದು ನಡೆಯಲ್ಲ. ಆ ಹೊತ್ತಿಗೆ ನಿಜವಾಗಿ ಏನು ಮಾಡಬೇಕು, ಯಾವ ಮಾತಾಡಬೇಕು?

ಹಿರಿಯ ಅಧಿಕಾರಿ:
ನಗುಮುಖದ ವಿಚಾರ ಸರಿಯಾಗಿ ಹೇಳಿದಿರಿ. ಸಿಟ್ಟಿನಲ್ಲಿರುವವರಿಗೆ ನಗು ಕಂಡರೆ ಲೇವಡಿ ಅನ್ನಿಸುತ್ತೆ. ಮುಖ ಗಂಭೀರವಾಗಿರಲಿ, ಕೈ ಕೀಬೋರ್ಡ್ ಬಿಡಲಿ. ಟೈಪ್ ಮಾಡ್ತಾ ಕೇಳಿಸಿಕೊಂಡರೆ ಅವರ ಲೆಕ್ಕಕ್ಕೆ ನೀವು ಕೇಳಿಸಿಕೊಳ್ಳಲೇ ಇಲ್ಲ.

ಅವರು ಮಾತು ಮುಗಿಸೋವರೆಗೆ ನಡುವೆ ಬಾಯಿ ಹಾಕಬೇಡಿ. ಆಗಲೇ ನಾಲ್ಕು ಎಣಿಸುವಷ್ಟು ಉಸಿರು ಎಳೆದು, ಆರು ಎಣಿಸುವಷ್ಟು ನಿಧಾನ ಬಿಡಿ, ಮೂರು ಸಲ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ಇಳಿಯುತ್ತೆ. ಸದ್ದು ಮಾಡಿ ಬಿಟ್ಟರೆ ಮಾತ್ರ ಎದುರಿನವರಿಗೆ ಅದು ಬೇಸರದ ನಿಟ್ಟುಸಿರು. ಬಾಯಿ ಮುಚ್ಚಿ ಮೂಗಿನಿಂದಲೇ ಬಿಡಿ.

ಮೊದಲ ಮಾತು ಅವರ ತೊಂದರೆಯನ್ನೇ ತಿರುಗಿ ಹೇಳೋದು: "ಹತ್ತು ಸಾವಿರ ಕಟ್ ಆಗಿದೆ, ಕೈಗೆ ದುಡ್ಡು ಬಂದಿಲ್ಲ, ಅಲ್ವಾ ಅಣ್ಣಾ?" ಅವರು "ಹೂಂ" ಅಂದ ಮೇಲೇ ಮುಂದಿನದು. ದನಿ ಅವರದಕ್ಕಿಂತ ಒಂದು ಮೆಟ್ಟಿಲು ಕೆಳಗಿರಲಿ. ತೀರಾ ಮೆಲ್ಲಗಾದರೆ ಗಾಜಿನಾಚೆ ಕೇಳಿಸದೆ "ಏನ್ ಗೊಣಗ್ತಿದ್ದೀರಿ" ಅಂತ ಹೊಸ ಜಗಳ. "ಸಮಾಧಾನ ಮಾಡ್ಕೊಳ್ಳಿ", "ರೂಲ್ಸ್ ಹಾಗಿದೆ", "ಸರ್ವರ್ ಡೌನ್": ಈ ಮೂರರಿಂದ ಮಾತು ಶುರು ಮಾಡಲೇಬೇಡಿ.

ಗ್ರಾಹಕ ಸೇವೆ ಡೆಸ್ಕ್:
ಉಸಿರು, ದನಿ ಒಪ್ಪುತ್ತೇನೆ. ಆದರೆ ಉತ್ತರ ಗೊತ್ತಿಲ್ಲದಿದ್ದರೆ ಅದ್ಯಾವುದೂ ಕಾಪಾಡಲ್ಲ. ಸಿಟ್ಟು ನೆತ್ತಿಗೇರೋದು "ನಾಳೆ ಬನ್ನಿ" ಅನ್ನೋ ಮಾತಿಗೆ. ದಿನ, ಕಾಗದ, ಮೊತ್ತ ಖಚಿತವಾಗಿ ಹೇಳಿ.

ಎಟಿಎಂನಲ್ಲಿ ದುಡ್ಡು ಬರದೆ ಕಟ್ ಆದರೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ಜಮಾ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರ ಆರ್‌ಬಿಐ ಸುತ್ತೋಲೆ, ಬಾಯಿಪಾಠ ಇರಲಿ. 2 ವರ್ಷಕ್ಕಿಂತ ಹೆಚ್ಚು ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಯನ್ನು ಕೆವೈಸಿ ಪಡೆದು ಮತ್ತೆ ಚಾಲೂ ಮಾಡೋಕೆ ಶುಲ್ಕವಿಲ್ಲ. ಅದನ್ನು ಮೊದಲೇ ಹೇಳಿಬಿಡಿ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಜೀವನ ಪ್ರಮಾಣ ಪತ್ರವನ್ನು (ಬದುಕಿದ್ದೇವೆ ಅನ್ನೋದಕ್ಕೆ ದಾಖಲೆ) ಅಕ್ಟೋಬರ್ 1ರಿಂದಲೇ ಕೊಡಬಹುದು. ಸೆಪ್ಟೆಂಬರಿನಲ್ಲೇ ತಿಳಿಸಿದರೆ ನವೆಂಬರಿನ ಸಾಲು ಅಷ್ಟು ಕಡಿಮೆ.

ಜೊತೆಗೆ ಚೀಟಿ ಬರೆದುಕೊಡಿ, ಕನ್ನಡದಲ್ಲಿ: ಯಾವ ಕಾಗದ, ಎಷ್ಟು ಜೆರಾಕ್ಸ್, ಯಾವ ಕೌಂಟರ್, ಯಾವ ದಿನ. ಸಿಟ್ಟಿನಲ್ಲಿರುವವರಿಗೆ ಬಾಯಲ್ಲಿ ನಾಲ್ಕು ಕಾಗದ ಹೇಳಿದರೆ ಒಂದು ನೆನಪಿರುತ್ತೆ. ಮರುದಿನ ಮೂರನ್ನು ಬಿಟ್ಟು ಬಂದಾಗ ಆಗುವ ಜಗಳ ಮೊದಲಿನದಕ್ಕಿಂತ ದೊಡ್ಡದು. ಚಲನ್, ವಿತ್‌ಡ್ರಾವಲ್ ಫಾರಂ ಕನ್ನಡದಲ್ಲೂ ಇರಬೇಕು, ಖಾಲಿಯಾಗಿದ್ದರೆ ಇಂಡೆಂಟ್ ಹಾಕಿ (ಮೇಲಿನ ಕಚೇರಿಯಿಂದ ತರಿಸಿಕೊಳ್ಳಿ). ಫಾರಂ ಓದೋಕಾಗದ ಮುಜುಗರವೂ ಎಷ್ಟೋ ಸಲ ಸಿಟ್ಟಾಗಿ ಹೊರಬರುತ್ತೆ.

ಕೌಂಟರ್ ಕ್ಲರ್ಕ್:
ಚೀಟಿ ಇವತ್ತಿಂದಲೇ ಶುರು. ಮೊಬೈಲ್ ಎತ್ತಿ ವಿಡಿಯೊ ಮಾಡೋರಿಗೆ, ಹೊಲಸು ಬೈಯೋರಿಗೆ ಏನು ಹೇಳೋದು?

ನಿವೃತ್ತ ಶಾಖಾ ವ್ಯವಸ್ಥಾಪಕ:
ಮೊಬೈಲಿಗೆ ಕೈ ಹಾಕಬೇಡಿ, ಊರೆಲ್ಲ ಸುತ್ತೋದು ಆ ಎರಡು ಸೆಕೆಂಡೇ. ಮೊದಲು ಸ್ಕ್ರೀನ್ ಲಾಕ್ ಮಾಡಿ, ಕ್ಯಾಶ್ ಡ್ರಾಯರಿಗೆ ಬೀಗ ಹಾಕಿ. ಆಮೇಲೆ "ಇಲ್ಲಿ ಬೇರೆಯವರ ಖಾತೆ ವಿವರ ಇರುತ್ತೆ, ಫೋನ್ ಇಳಿಸಿ ಸರ್, ನಿಮ್ಮ ಕೆಲಸ ನೋಡ್ತೀನಿ" ಅನ್ನಿ.

ಬೈಗುಳಕ್ಕೆ ಒಂದೇ ಎಚ್ಚರಿಕೆ: "ಈ ಮಾತು ಬೇಡ, ಕೆಲಸದ ಮಾತಾಡೋಣ." ಎರಡನೇ ಸಲಕ್ಕೆ ಮ್ಯಾನೇಜರ್ ಕ್ಯಾಬಿನ್. ಅಲ್ಲಿ ಕೂರಿಸಿ, ನೀರು ಕೊಡಿ. ಸಾಲಿನಲ್ಲಿ ನಾಲ್ಕು ಜನ ನೋಡ್ತಿರುವಾಗ ಯಾರಿಗೂ ದನಿ ತಗ್ಗಿಸೋದು ಸುಲಭವಲ್ಲ, ಜಾಗ ಬದಲಾದರೆ ತಗ್ಗುತ್ತೆ. ಆದರೆ ಮ್ಯಾನೇಜರ್ ಜೊತೆ ಇದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ನೀವು ಆಗಲ್ಲ ಅಂದ ಕೆಲಸವನ್ನು ಅವರು ಕೂಗಾಟಕ್ಕೆ ಮಣಿದು ಮಾಡಿಕೊಟ್ಟರೆ, ಕೂಗಿದರೆ ಕೆಲಸ ಆಗುತ್ತೆ ಅಂತ ಸಾಲಿನವರೆಲ್ಲ ಕಲಿತುಬಿಡ್ತಾರೆ.

"ಕಂಪ್ಲೇಂಟ್ ಕೊಡ್ತೀನಿ" ಅಂದರೆ ಹೆದರಬೇಡಿ, ಹಾಳೆ-ಪೆನ್ನು ನೀವೇ ಕೊಟ್ಟು ಸ್ವೀಕೃತಿ ಬರೆದುಕೊಡಿ. 30 ದಿನದಲ್ಲಿ ಬ್ಯಾಂಕಿನಿಂದ ಉತ್ತರ ಬರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು ಅಂತಲೂ ಹೇಳಿ, ಸಹಾಯವಾಣಿ 14448. ಮುಚ್ಚಿಡ್ತಿಲ್ಲ ಅಂತ ಗೊತ್ತಾದರೆ ಅನುಮಾನ ಕರಗುತ್ತೆ.

ಜಗಳ ಮುಗಿದ ಕೂಡಲೇ ನೋಟು ಮುಟ್ಟಬೇಡಿ. ಎದ್ದು ನೀರು ಕುಡಿದು ಎರಡು ನಿಮಿಷ ಬಿಟ್ಟು ಕೂರಿ, ಮೊದಲು ಪಾಸ್‌ಬುಕ್ ಎಂಟ್ರಿಯಂಥ ಹಣವಿಲ್ಲದ ಕೆಲಸ ತಗೊಳ್ಳಿ. ಬಿಸಿಯಲ್ಲಿ ಪಾವತಿಸಿದ್ದರೆ ಆ ವೋಚರಿಗೆ ಪೆನ್ಸಿಲಲ್ಲಿ ಗುರುತು ಹಾಕಿಡಿ. ಸಂಜೆ ಕ್ಯಾಶ್ ಕಮ್ಮಿ ಬಂದರೆ ಹುಡುಕಾಟ ಅಲ್ಲಿಂದಲೇ ಶುರು ಮಾಡಬಹುದು.